ತೇರಿನ ಬೀದಿಯ ಹಡಗೋ, ಜಗಲಿಯ ಹಡಗೋ?

ಹೋದ ಸಂಚಿಕೆಯಲ್ಲಿ ಹಡಗು ಪ್ರವಾಸದ ಬಗ್ಗೆ ಪ್ರಶ್ನೆ ಇದ್ದರೆ ಕಳಿಸಿ ಅಂತ ಎರಡು ಸಾಲು ಹಾಕಿದ್ದೆವು. ಸಮುದ್ರವೇ ಇಲ್ಲದ ಹಾಸನ, ಚಿಕ್ಕಮಗಳೂರಿನಿಂದ ಇಷ್ಟೊಂದು ಪತ್ರ ಬರುತ್ತವೆ ಅಂತ ನಾನಂತೂ ಅಂದುಕೊಂಡಿರಲಿಲ್ಲ. ಮೊದಲು ನನ್ನ ಪರಿಚಯ ಹೇಳಿಬಿಡುತ್ತೇನೆ. ಹುಟ್ಟಿದ್ದು ಸಕಲೇಶಪುರದ ಹತ್ತಿರ, ಈಗ ಇರುವುದು ಹಾಸನದಲ್ಲಿ. 11 ವರ್ಷ ವಿದೇಶಿ ಹಡಗುಗಳಲ್ಲಿ ಕ್ಯಾಬಿನ್ ಸ್ಟೂವರ್ಡ್ ಆಗಿದ್ದೆ. ಅಂದರೆ ನಿಮ್ಮ ಕೋಣೆ ಗುಡಿಸಿ, ಹಾಸಿಗೆ ಸರಿಮಾಡಿ, ರಾತ್ರಿ ಟವೆಲ್ ಮಡಿಸಿ ಆನೆ ಮಾಡಿ ಇಡುತ್ತಾನಲ್ಲ, ಅವನು. ಕ್ಯಾಪ್ಟನ್ ಹೇಳುವಂಥ ವಿಷಯ ನನಗೆ ಗೊತ್ತಿಲ್ಲ. ಯಾರು ಯಾವ ಹಡಗಿನಲ್ಲಿ ಖುಷಿಯಾಗಿದ್ದರು, ಯಾರು ಮೂರನೇ ದಿನಕ್ಕೇ ಮುಖ ಊದಿಸಿಕೊಂಡು ಕೂತರು ಅನ್ನುವುದು ಮಾತ್ರ ಚೆನ್ನಾಗಿ ಗೊತ್ತು.

ಪ್ರಶ್ನೆ: ನಮ್ಮದು ಕಾಫಿ ತೋಟ. ನನಗೆ 63, ನನ್ನ ಶ್ರೀಮತಿಗೆ 58. ಮದುವೆಯಾಗಿ 35 ವರ್ಷ ಆಗುತ್ತಿದೆ. ಹೊರದೇಶದಲ್ಲಿರುವ ಮಗ, ‘ಪ್ರಪಂಚದಲ್ಲೇ ದೊಡ್ಡ ಹಡಗಿನಲ್ಲಿ ಹೋಗಿ ಬನ್ನಿ, ನಾನೇ ಬುಕ್ ಮಾಡ್ತೀನಿ’ ಅನ್ನುತ್ತಾನೆ. ಇವಳು, ‘ಅಷ್ಟು ಜನರ ಮಧ್ಯೆ ನಾನು ಬರಲ್ಲ’ ಅನ್ನುತ್ತಾಳೆ. ಯಾರ ಮಾತು ಕೇಳಲಿ?
– ಬೆಳೆಗಾರರು, ಮೂಡಿಗೆರೆ ತಾಲ್ಲೂಕು

ಉತ್ತರ: ಅಮ್ಮನವರ ಮಾತು ಕೇಳಿ ಸಾರ್.

ನಿಮ್ಮ ಮಗ ಹೇಳುತ್ತಿರುವುದು ಐಕಾನ್ ಆಫ್ ದಿ ಸೀಸ್ ಥರದ ಹಡಗು ಇರಬೇಕು. 2024ರ ಜನವರಿಯಲ್ಲಿ ಓಡಾಟ ಶುರುಮಾಡಿತು. 20 ಅಂತಸ್ತು. ಕೋಣೆಗೆ ಇಬ್ಬರಂತೆ ಲೆಕ್ಕ ಹಾಕಿದರೇ 5,610 ಜನ. ಎಲ್ಲಾ ಹಾಸಿಗೆ ತುಂಬಿದರೆ 7,600. ಕೆಲಸದವರು ಬೇರೆ. ನೀರಿನ ಜಾರುಬಂಡೆ, ಐಸ್ ಸ್ಕೇಟಿಂಗ್, ಒಂದರ ಮೇಲೊಂದು ಈಜುಕೊಳ, ಎಲ್ಲಾ ಇದೆ. ಹತ್ತು ವರ್ಷದ ಮೊಮ್ಮಗ ಜೊತೆಗಿದ್ದರೆ ನಾನೇ ಹೋಗಿ ಅನ್ನುತ್ತಿದ್ದೆ. ಇಬ್ಬರೇ ಹೋಗುವುದಾದರೆ ಸ್ವಲ್ಪ ಯೋಚನೆ ಮಾಡಿ.

ನಾನು ಯಾರಿಗೇ ಆಗಲಿ ಮೊದಲು ಕೇಳುವ ಪ್ರಶ್ನೆ ಒಂದೇ. ಬೇಲೂರು ತೇರಿಗೆ ಹೋದರೆ ನೀವು ಎಲ್ಲಿರುತ್ತೀರಿ? ಬೀದಿಯಲ್ಲಿ ಜನರ ಮಧ್ಯೆ ನುಗ್ಗಿ ಹಗ್ಗ ಹಿಡಿಯುವವರೋ, ಪರಿಚಯದವರ ಮನೆ ಜಗಲಿಯಲ್ಲಿ ಕೂತು ಪಾನಕ ಕುಡಿಯುತ್ತಾ ನೋಡುವವರೋ? ಎರಡೂ ತಪ್ಪಲ್ಲ. ಆದರೆ ಬೀದಿಯವರನ್ನು ಜಗಲಿಯಲ್ಲಿ ಕೂರಿಸಿದರೆ ಬೇಜಾರು. ಜಗಲಿಯವರನ್ನು ಬೀದಿಗೆ ತಳ್ಳಿದರೆ ತಲೆನೋವು. ಹಡಗಿನಲ್ಲೂ ಅಷ್ಟೇ. ಅಮ್ಮನವರು ಜಗಲಿಯವರು. ನೀವು ಯಾವ ಕಡೆ ಅಂತ ಬರೆದಿಲ್ಲ. ನನ್ನ ಅಂದಾಜು, ನೀವೂ ಅದೇ ಜಗಲಿಯ ಇನ್ನೊಂದು ಮೂಲೆ.

ಒಂದು ಲೆಕ್ಕ ಹೇಳಿಕೊಡುತ್ತೇನೆ, ಮಗನಿಗೂ ತೋರಿಸಿ. ಹಡಗಿಗೆ ಇಷ್ಟು ಸಾವಿರ ಟನ್ ಅಂತ ಬರೆದಿರುತ್ತಾರಲ್ಲ, ಆ ಗ್ರಾಸ್ ಟನೇಜ್ ಅನ್ನುವುದು ತೂಕ ಅಲ್ಲ. ಹಡಗಿನ ಒಳಗೆ ಎಷ್ಟು ಜಾಗ ಇದೆ ಅನ್ನುವ ಅಳತೆ. ಅದನ್ನು ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಿ. ಐಕಾನ್‌ಗೆ 2,48,663 ಭಾಗಿಸು 5,610, ಅಂದರೆ ಸುಮಾರು 44. ಕ್ವೀನ್ ಮೇರಿ 2 ಹಡಗಿಗೆ 55 ಬರುತ್ತದೆ. 30ರ ಹತ್ತಿರ ಬಂದರೆ ಊಟದ ಹೊತ್ತಿಗೆ ಲಿಫ್ಟ್ ಮುಂದೆ ಜನ ಜಮಾಯಿಸುತ್ತಾರೆ ಅಂತ ತಿಳಿಯಿರಿ. ಅಂದರೆ ದೊಡ್ಡ ಹಡಗು ಇಕ್ಕಟ್ಟು ಅಂತೇನಿಲ್ಲ. ಒಂದೇ ಬಂದರಿನಲ್ಲಿ ಒಂದೇ ಬೆಳಿಗ್ಗೆ ಐದು ಸಾವಿರ ಜನ ಇಳಿಯುತ್ತಾರೆ ನೋಡಿ, ಅಮ್ಮನವರಿಗೆ ಕಷ್ಟ ಆಗುವುದು ಅಲ್ಲಿ.

ನಿಮಗೆ ನಾನು ಹೇಳುವುದು ನದಿಯ ಹಡಗು. ಯೂರೋಪಿನ ಡ್ಯಾನ್ಯೂಬ್ ನದಿ. ಜರ್ಮನಿಯ ಪಸ್ಸಾವ್‌ನಿಂದ ಹೊರಟು ಆಸ್ಟ್ರಿಯಾದ ವಿಯೆನ್ನಾ, ಸ್ಲೊವಾಕಿಯಾದ ಬ್ರಾಟಿಸ್ಲಾವಾ ದಾಟಿ ಹಂಗೆರಿಯ ಬುಡಾಪೆಸ್ಟ್‌ಗೆ ಹೋಗುವ ಏಳು ರಾತ್ರಿಯ ಪ್ರವಾಸಗಳು ಸಿಗುತ್ತವೆ. ನಾಲ್ಕು ದೇಶ, ಆದರೆ ಒಂದೇ ಷೆಂಗೆನ್ ವೀಸಾ. 135 ಮೀಟರ್ ಉದ್ದದ ಹಡಗು, ಸುಮಾರು 190 ಜನ. ನಮ್ಮ ಕಡೆ ಒಂದು ಮದುವೆ ಮನೆಯಲ್ಲಿ ಇದಕ್ಕಿಂತ ಜಾಸ್ತಿ ಜನ ಇರುತ್ತಾರೆ. ಎರಡನೇ ದಿನಕ್ಕೆ ಎಲ್ಲರ ಮುಖ ಪರಿಚಯ. ನೀರು ಅಲುಗಾಡುವುದೂ ಇಲ್ಲ. ಎಷ್ಟೋ ಕಡೆ ಊರಿನ ಮಧ್ಯಕ್ಕೇ ತಂದು ನಿಲ್ಲಿಸುತ್ತಾರೆ. ಇಳಿದು ಹತ್ತು ಹೆಜ್ಜೆ ಹಾಕಿದರೆ ಕಾಫಿ ಅಂಗಡಿ. ವಿಯೆನ್ನಾದ ಕಾಫಿ ಹೇಗಿದೆ ಅಂತ ನೀವೇ ಹೇಳಬೇಕು, ನಾನು ಹೇಳಿದರೆ ಬೆಳೆಗಾರರು ಒಪ್ಪಲ್ಲ. ವಿಯೆನ್ನಾಕ್ಕೆ ಮೊದಲು ವಾಖಾವ್ ಅನ್ನುವ ಕಣಿವೆ ಬರುತ್ತದೆ. ನದಿಯ ಪಕ್ಕದ ಇಳಿಜಾರಿಗೆ ಕಲ್ಲಿನ ಕಟ್ಟೆ ಕಟ್ಟಿ ದ್ರಾಕ್ಷಿ ಬೆಳೆದಿದ್ದಾರೆ. ನೀವು ಅಲ್ಲಿಂದ ಏಳುವುದಿಲ್ಲ ಬಿಡಿ.

ಇದರಲ್ಲೂ ತೊಂದರೆ ಇದೆ. ಕ್ಯಾಸಿನೊ, ದೊಡ್ಡ ಈಜುಕೊಳ, ಆಟ ಏನೂ ಇಲ್ಲ. ರಾತ್ರಿ ಹತ್ತಕ್ಕೆ ಹಡಗು ಮಲಗಿರುತ್ತದೆ. ನದಿಯಲ್ಲಿ ನೀರು ತೀರಾ ಕಡಿಮೆಯಾದರೆ ಅಥವಾ ಸೇತುವೆ ಕೆಳಗೆ ನುಸುಳಲು ಆಗದಷ್ಟು ಏರಿದರೆ ಸ್ವಲ್ಪ ದೂರ ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಾರೆ. ದಡದಲ್ಲಿ ಜಾಗ ಇಲ್ಲದಾಗ ಎರಡು ಮೂರು ಹಡಗನ್ನು ಪಕ್ಕಪಕ್ಕ ಕಟ್ಟುತ್ತಾರೆ. ಬೆಳಿಗ್ಗೆ ಪರದೆ ಸರಿಸಿದರೆ ನದಿ ಬದಲು ಪಕ್ಕದ ಹಡಗಿನವರು ಹಲ್ಲುಜ್ಜುತ್ತಿರುತ್ತಾರೆ! ಅಡುಗೆಮನೆ ಒಂದೇ, ಚಿಕ್ಕದು. ನೀವು ಸಸ್ಯಾಹಾರಿಗಳಾದರೆ ಬುಕ್ ಮಾಡುವಾಗಲೇ ಬರೆದು ತಿಳಿಸಿ.

ಹೋಗುವುದು ಯಾವಾಗ? ನವೆಂಬರ್ ಬಂದರೆ ಅರೇಬಿಕಾ ಕೊಯ್ಲು, ಆಮೇಲೆ ರೋಬಸ್ಟಾ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆಗೆ ಕಾಯಬೇಕು. ಮೇ, ಜೂನ್‌ನಲ್ಲಿ ಗಿಡಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಬೇಕು. ನನ್ನ ಪ್ರಕಾರ ಸೆಪ್ಟೆಂಬರ್ ಸರಿ. ಅಲ್ಲಿ ಆಗ ದ್ರಾಕ್ಷಿ ಕೊಯ್ಲಿನ ಸಮಯ, ಸೆಖೆಯೂ ಇಳಿದಿರುತ್ತದೆ. ಇಲ್ಲಿ ಮಳೆಗಾಲ ಮುಗಿದ ಮೇಲಿನ ಗೊಬ್ಬರದ ಕೆಲಸವನ್ನು ಹತ್ತು ದಿನ ನಿಮ್ಮ ತೋಟದ ರೈಟರ್ ನೋಡಿಕೊಳ್ಳಲಿ.

ಪ್ರಶ್ನೆ: ನಾನು ಶಾಲಾ ಶಿಕ್ಷಕಿ. ನಾವಿಬ್ಬರು, 13 ಮತ್ತು 9 ವರ್ಷದ ಮಕ್ಕಳು, ಅತ್ತೆ ಮಾವ, ಒಟ್ಟು ಆರು ಜನ. ಮುಂಬೈ–ಗೋವಾ ಹಡಗೋ, ಸಿಂಗಪುರದ್ದೋ? ಜಾಹೀರಾತಿನಲ್ಲಿ ಕಮ್ಮಿ ರೇಟು ಇದೆ, ನಿಜವಾಗಿ ಎಷ್ಟಾಗುತ್ತೆ? ಕೋಣೆ ಹೇಗೆ ಆರಿಸುವುದು?
– ಹಾಸನ

ಉತ್ತರ: ಮೊದಲ ಸಲ ಅಲ್ವಾ? ಮುಂಬೈಯಿಂದಲೇ ಶುರುಮಾಡಿ. ಕಾರ್ಡೇಲಿಯಾ ಕಂಪನಿಯವರ ಎಂಪ್ರೆಸ್ ಹಡಗು 2021ರಿಂದ ನಮ್ಮ ಕರಾವಳಿಯಲ್ಲಿ ಓಡಾಡುತ್ತಿದೆ. ಗೋವಾಕ್ಕೆ ಪಾಸ್‌ಪೋರ್ಟ್ ಬೇಡ, ಗುರುತಿನ ಚೀಟಿ ಸಾಕು. ಆರು ಜನರ ಪಾಸ್‌ಪೋರ್ಟ್, ವೀಸಾ, ವಿಮಾನದ ಖರ್ಚು ಉಳಿಯಿತು. ಆದರೆ ಅದು 1990ರಲ್ಲಿ ಕಟ್ಟಿದ ಹಡಗು, ಸುಮಾರು 48 ಸಾವಿರ ಟನ್. ಹೊಸ ಹಡಗುಗಳ ಮುಂದೆ ಚಿಕ್ಕದು. ಮೇಲೆ ಹೇಳಿದ ಲೆಕ್ಕ ಹಾಕಿದರೆ 30ರ ಆಸುಪಾಸು ಬರುತ್ತದೆ. ಮಕ್ಕಳು ಇಂಟರ್‌ನೆಟ್ಟಿನಲ್ಲಿ ಐಕಾನ್ ನೋಡಿಟ್ಟುಕೊಂಡಿದ್ದರೆ ಮೊದಲೇ ಹೇಳಿಬಿಡಿ, ಇದು ಅದಲ್ಲ ಅಂತ.

ಇನ್ನೊಂದು ಗುಟ್ಟು. ಯಾವ ದೇಶದ ಹಡಗೇ ಆಗಲಿ, ರಾತ್ರಿಗಳು ಕಡಿಮೆಯಾದಷ್ಟೂ ಗಲಾಟೆ ಜಾಸ್ತಿ. ವಾರಾಂತ್ಯದ ಎರಡು ರಾತ್ರಿಯ ಹಡಗಿಗೆ ಬರುವವರು ನಿದ್ದೆ ಮಾಡಲು ಬರುವುದಿಲ್ಲ. ಅತ್ತೆ ಮಾವ ಜೊತೆಗಿದ್ದಾರೆ, ಹಾಗಾಗಿ ವಾರದ ಮಧ್ಯ ಹೊರಡುವುದನ್ನೋ, ನಾಲ್ಕೈದು ರಾತ್ರಿಯದನ್ನೋ ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರದ ಸಹವಾಸ ಬೇಡ. ನಿಮಗೆ ದಸರಾ ರಜೆ ಇದ್ದೇ ಇದೆ.

ಈಗ ದುಡ್ಡು. ಜಾಹೀರಾತಿನ ರೇಟು ಒಬ್ಬರಿಗೆ, ಅದೂ ಕೋಣೆಯಲ್ಲಿ ಇಬ್ಬರಿದ್ದರೆ. ತೆರಿಗೆ, ಬಂದರಿನ ಶುಲ್ಕ ಆಮೇಲೆ ಸೇರುತ್ತವೆ. ಮಾಮೂಲಿ ಊಟ ತಿಂಡಿ, ನಾಟಕ, ಈಜುಕೊಳ ಅದರಲ್ಲೇ ಬಂತು. ಬಾಟಲಿಯ ಕೂಲ್‌ಡ್ರಿಂಕ್ಸ್, ವೈಫೈ, ಬಂದರಿನಲ್ಲಿ ಇಳಿದು ಊರು ನೋಡುವ ಬಸ್ಸು, ವಿಶೇಷ ಹೋಟೆಲು, ಇವಕ್ಕೆಲ್ಲ ಸಾಮಾನ್ಯವಾಗಿ ಬೇರೆ ದುಡ್ಡು. ವಿದೇಶಿ ಹಡಗಿನಲ್ಲಿ ಟಿಪ್ಸ್ ಕೂಡ ಬಿಲ್ಲಿಗೇ ಬರುತ್ತದೆ. ಅಮೆರಿಕದ ಎಷ್ಟೋ ಕಂಪನಿಗಳಲ್ಲಿ ಒಬ್ಬರಿಗೆ ದಿನಕ್ಕೆ 16ರಿಂದ 20 ಡಾಲರ್. ಮಗುವಾದರೂ ಅಷ್ಟೇ. ಆರು ಜನ, ನಾಲ್ಕು ರಾತ್ರಿ ಅಂದರೆ ಅದೇ 400 ಡಾಲರ್ ಆಸುಪಾಸು ಆಯಿತು. ಆ ಟಿಪ್ಸಿನಲ್ಲಿ ಮನೆ ಕಟ್ಟಿದವನು ನಾನು, ಕೊಡಬೇಡಿ ಅಂತ ಹೇಳಲ್ಲ. ಮೊದಲೇ ಲೆಕ್ಕಕ್ಕೆ ಹಿಡಿಯಿರಿ ಅಷ್ಟೇ.

ಕೋಣೆಯ ವಿಷಯಕ್ಕೆ ಬಂದರೆ ನನಗೆ ಮಾತು ನಿಲ್ಲುವುದಿಲ್ಲ, ಕ್ಷಮಿಸಿ. ಆರು ಜನಕ್ಕೆ ಎರಡು ಕೋಣೆ ಬೇಕು. ಒಂದು ಬಾಲ್ಕನಿ ಇರುವುದು, ಅದರ ಎದುರಿಗೇ ಕಾರಿಡಾರಿನ ಆ ಕಡೆ ಕಿಟಕಿ ಇಲ್ಲದ ಒಳಗಿನ ಕೋಣೆ. ಎರಡು ಬಾಲ್ಕನಿಯ ದುಡ್ಡು ಬೇಡ. ಸಂಜೆ ಎಲ್ಲರೂ ಒಂದೇ ಬಾಲ್ಕನಿಯಲ್ಲಿ ಕೂರಬಹುದು. ಒಳಗಿನ ಕೋಣೆಯಲ್ಲಿ ದೀಪ ಆರಿಸಿದರೆ ಹಗಲೋ ರಾತ್ರಿಯೋ ಗೊತ್ತಾಗಲ್ಲ. ಮಕ್ಕಳಿಗೆ ಭಾರಿ ಖುಷಿ, ಅತ್ತೆಯವರಿಗೆ ಉಸಿರು ಕಟ್ಟಿದ ಹಾಗೆ. ಮೂರನೆಯವರ ಹಾಸಿಗೆ ಗೋಡೆಯಿಂದಲೋ ಚಾವಣಿಯಿಂದಲೋ ಇಳಿಯುತ್ತದೆ, ಏಣಿ ಹತ್ತಬೇಕು. ಅದಕ್ಕೆ ಮಕ್ಕಳನ್ನೇ ಬಿಡಿ. ಅತ್ತೆ ಮಾವನ ಕೋಣೆ ಲಿಫ್ಟಿಗೆ ಹತ್ತಿರ ಇರಲಿ, ಅಂಟಿಕೊಂಡೇ ಇರುವುದು ಬೇಡ.

ಹಡಗಿನ ನಕ್ಷೆಯಲ್ಲಿ ನಿಮ್ಮ ಕೋಣೆಯ ಮೇಲೆ, ಕೆಳಗೆ ಏನಿದೆ ನೋಡಿ. ಮೇಲೂ ಕೋಣೆ, ಕೆಳಗೂ ಕೋಣೆ ಇದ್ದರೆ ಕಣ್ಣು ಮುಚ್ಚಿ ತಗೊಳ್ಳಿ. ಇಷ್ಟೆಲ್ಲ ಗೊತ್ತಿರುವ ನಾನೇ ಒಮ್ಮೆ ಮೋಸ ಹೋದೆ. ಕೆಲಸ ಬಿಟ್ಟ ಮೇಲೆ ಹೆಂಡತಿಯನ್ನು ಕರೆದುಕೊಂಡು ಹೊರಟಾಗ ಒಬ್ಬ ಏಜೆಂಟ್, ‘ಗ್ಯಾರಂಟಿ ರೇಟು, ಕೋಣೆ ಆಮೇಲೆ ಕೊಡ್ತಾರೆ, ತುಂಬಾ ಕಮ್ಮಿ’ ಅಂದ. ಆಸೆಗೆ ಬಿದ್ದೆ. ಗ್ಯಾರಂಟಿ ಅಂದರೆ ಕೋಣೆಯ ದರ್ಜೆಗೆ ಮಾತ್ರ ಗ್ಯಾರಂಟಿ, ಜಾಗಕ್ಕಲ್ಲ. ಕೊಟ್ಟಿದ್ದು ಈಜುಕೊಳದ ನೇರ ಕೆಳಗೆ. ಬೆಳಗಿನ ಜಾವ ಐದಕ್ಕೆ ತಲೆ ಮೇಲೆ ಕುರ್ಚಿ ಎಳೆಯುವ ಸದ್ದು. ದಿನಾ! ‘11 ವರ್ಷ ಅಲ್ಲಿ ಏನು ಕಲಿತ್ರಿ?’ ಅಂತ ಹೆಂಡತಿ ಈಗಲೂ ಕೇಳುತ್ತಾಳೆ. ಮುಂಭಾಗದ ಕೆಳಗಿನ ಅಂತಸ್ತಿನಲ್ಲೂ ಹೀಗೇ. ಬಂದರಿಗೆ ಬರುವಾಗ ಹಡಗನ್ನು ಪಕ್ಕಕ್ಕೆ ತಳ್ಳುವ ಯಂತ್ರ ಓಡುತ್ತದೆ. ಗಿರಣಿಯಲ್ಲಿ ಮಲಗಿದ ಹಾಗಿರುತ್ತದೆ.

ಕೋಣೆಯ ಗೋಡೆಗಳು ಉಕ್ಕಿನವು. ನಾಲ್ಕು ಆಯಸ್ಕಾಂತದ ಕೊಕ್ಕೆ ಒಯ್ದರೆ ಟೋಪಿ, ಒದ್ದೆ ಬಟ್ಟೆ, ಅತ್ತೆಯವರ ಜಪಮಾಲೆಯ ಚೀಲ ಎಲ್ಲಾ ನೇತುಹಾಕಬಹುದು. ರಾತ್ರಿ ಬೀರುವಿನ ಹ್ಯಾಂಗರ್‌ಗಳು ಟಕಟಕ ಅಂದರೆ ಮಧ್ಯ ಒಂದು ಟವೆಲ್ ತುರುಕಿ.

ಪ್ರಶ್ನೆ: ನಾವು ಜೈನರು. ಗೆಡ್ಡೆಗೆಣಸು, ಈರುಳ್ಳಿ, ಬೆಳ್ಳುಳ್ಳಿ ತಿನ್ನುವುದಿಲ್ಲ, ರಾತ್ರಿ ಊಟವೂ ಇಲ್ಲ. ಹಡಗಿನಲ್ಲಿ ಉಪವಾಸ ಬೀಳುತ್ತೇವೆಯೇ?
– ಶ್ರವಣಬೆಳಗೊಳ

ಉತ್ತರ: ಹಡಗು ಸರಿಯಾಗಿ ಆರಿಸಿದರೆ ಇಲ್ಲ. ಕಾರ್ಡೇಲಿಯಾದಲ್ಲಿ ಜೈನ ಊಟ ಇದೆ. ಸಿಂಗಪುರದಿಂದ ಹೊರಡುವ ಗೆಂಟಿಂಗ್ ಡ್ರೀಮ್‌ನಲ್ಲೂ ಭಾರತದ ಪ್ರಯಾಣಿಕರು ಜಾಸ್ತಿ, ಅಲ್ಲೂ ಸಿಗುತ್ತದೆ. ಅಮೆರಿಕ, ಯೂರೋಪಿನ ಹಡಗುಗಳಲ್ಲಿ ‘ವೆಜಿಟೇರಿಯನ್’ ಅಂದರೆ ಅವರಿಗೆ ಆಲೂಗಡ್ಡೆ, ಈರುಳ್ಳಿಯೇ ಮೊದಲು ನೆನಪಾಗುವುದು. ‘ಜೈನ್’ ಅಂತ ಒಂದೇ ಪದ ಬರೆದು ಸುಮ್ಮನಾಗಬೇಡಿ. ಏನೇನು ತಿನ್ನಲ್ಲ ಅಂತ ಪಟ್ಟಿ ಮಾಡಿ, ಹೊರಡುವ ಒಂದೆರಡು ತಿಂಗಳ ಮೊದಲೇ ಕಳಿಸಿ. ಹತ್ತಿದ ದಿನವೇ ಊಟದ ಹಾಲಿನ ಮುಖ್ಯಸ್ಥನನ್ನು ಹುಡುಕಿ ಮಾತಾಡಿ. ಹಡಗಿನ ಅಡುಗೆಮನೆಯಲ್ಲಿ ಭಾರತದವರು ಒಬ್ಬರಾದರೂ ಇರುತ್ತಾರೆ. ನಾನಿದ್ದ ಹಡಗಿನಲ್ಲಿ ಮಂಗಳೂರಿನ ಹುಡುಗನೊಬ್ಬ ಒಂದು ಕುಟುಂಬಕ್ಕೆ ಏಳು ದಿನವೂ ಬೇರೆ ಬಾಣಲೆ ಇಟ್ಟು ಬಾಳೆಕಾಯಿ, ಹೂಕೋಸಿನ ಪಲ್ಯ ಮಾಡಿಕೊಟ್ಟಿದ್ದ.

ಕತ್ತಲಾಗುವ ಮೊದಲು ಊಟ ಮಾಡಬೇಕಾದರೆ ರಾತ್ರಿಯ ಊಟದ ಮೊದಲ ಪಂಕ್ತಿಯೂ ತಡವಾಗಬಹುದು. ಬಫೆ ಎಷ್ಟು ಹೊತ್ತಿಗೆ ತೆರೆಯುತ್ತದೆ ಕೇಳಿಕೊಳ್ಳಿ. ಬೇಸಿಗೆಯಲ್ಲಿ ಅಲಾಸ್ಕಾ, ನಾರ್ವೆ ಕಡೆ ಹೋದರೆ ಸೂರ್ಯ ಮುಳುಗುವುದೇ ತಡ. ಆ ಲೆಕ್ಕದಲ್ಲಿ ನಿಮಗೆ ಅನುಕೂಲ!

ಪ್ರಶ್ನೆ: ಚಾರ್ಮಾಡಿ ಘಾಟಿಯಲ್ಲಿ ಎರಡನೇ ತಿರುವಿಗೇ ನನಗೆ ವಾಂತಿ. ಹಡಗು ಹತ್ತಬಹುದೇ?
– ಕಾಲೇಜು ವಿದ್ಯಾರ್ಥಿನಿ, ಚಿಕ್ಕಮಗಳೂರು

ಉತ್ತರ: ಹತ್ತಬಹುದು. ದೊಡ್ಡ ಹಡಗು ಘಾಟಿಯ ಬಸ್ಸಿನ ಹಾಗೆ ಗಕ್ಕನೆ ತಿರುಗುವುದಿಲ್ಲ. ಅಕ್ಕಪಕ್ಕ ಹೊಯ್ದಾಡುವುದನ್ನು ತಡೆಯಲು ನೀರಿನೊಳಗೆ ಮೀನಿನ ರೆಕ್ಕೆಯಂಥ ಸ್ಟೆಬಿಲೈಸರ್‌ಗಳಿರುತ್ತವೆ. ಹಿಂದೆ ಮುಂದೆ ಏರಿಳಿಯುವುದನ್ನು ಅವು ತಡೆಯಲ್ಲ. ಅದಕ್ಕೇ ಹಡಗಿನ ನಟ್ಟನಡುವೆ, ಕೆಳಗಿನ ಅಂತಸ್ತಿನಲ್ಲಿ ಕೋಣೆ ಹಿಡಿಯಬೇಕು. ತಕ್ಕಡಿಯ ನಡುವೆ ಕೂತ ಹಾಗೆ. ಮಾತ್ರೆಯನ್ನು ಡಾಕ್ಟರ್ ಕೇಳಿ ತಗೊಳ್ಳಿ, ವಾಂತಿ ಶುರುವಾದ ಮೇಲಲ್ಲ, ಮೊದಲೇ. ಹಡಗಿನ ಕೆಲಸದವರ ಔಷಧಿ ಬೇರೆ. ಹಸಿರು ಸೇಬು, ಉಪ್ಪು ಬಿಸ್ಕತ್ತು, ಶುಂಠಿ. ಮೆಟ್ಟಿಲಿನ ಕೈಹಿಡಿಯಲ್ಲಿ ಸಾಲಾಗಿ ಕಾಗದದ ಚೀಲ ಸಿಕ್ಕಿಸುತ್ತಾ ನಮ್ಮವರು ಹೊರಟರು ಅಂದರೆ ಮುಂದೆ ಅಲೆ ಇದೆ ಅಂತ ಅರ್ಥ. ಅದನ್ನು ನೋಡಿದ ತಕ್ಷಣ ಹೊರಗೆ ಹೋಗಿ ದೂರದ ದಿಗಂತ ನೋಡುತ್ತಾ ಕೂತುಬಿಡಿ. ಮೊಬೈಲ್ ಒಳಗಿಡಿ.

ಪ್ರಶ್ನೆ: ಕೆಲಸದಿಂದ ನಿವೃತ್ತಳಾಗಿದ್ದೇನೆ. ಒಬ್ಬಳೇ ಹೋಗಬೇಕು ಅಂತ ಆಸೆ. ಓದುವುದು ಇಷ್ಟ, ಕುಣಿತ ಗದ್ದಲ ಆಗಲ್ಲ. ನನ್ನಂಥವರಿಗೆ ಹಡಗು ಇದೆಯೇ?
– ಕೊಪ್ಪ

ಉತ್ತರ: ಇದೆ ಅಕ್ಕ, ನಿಮ್ಮಂಥವರಿಗೇ ಇದೆ. ಒಂದು ಅನ್ಯಾಯ ಮೊದಲು ಹೇಳುತ್ತೇನೆ. ರೇಟು ಇಬ್ಬರ ಲೆಕ್ಕದ್ದು. ಒಬ್ಬರೇ ಹೋದರೆ ಎಷ್ಟೋ ಕಡೆ ಇಬ್ಬರ ಹತ್ತಿರ ಹತ್ತಿರದ ದುಡ್ಡು ಕೀಳುತ್ತಾರೆ. ಒಬ್ಬರದೇ ಕೋಣೆ ಇರುವ ಹಡಗು ಹುಡುಕಿ. ನಾರ್ವೇಜಿಯನ್ ಕಂಪನಿಯವರು 2010ರಲ್ಲಿ ಎಪಿಕ್ ಹಡಗಿನಲ್ಲಿ ಸ್ಟುಡಿಯೊ ಕೋಣೆ ಅಂತ ಶುರುಮಾಡಿದರು. ಆದರೆ ಅದು ತೇರಿನ ಬೀದಿಯ ಹಡಗು.

ದುಡ್ಡು ಸ್ವಲ್ಪ ಕೂಡಿಟ್ಟಿದ್ದರೆ ಕ್ವೀನ್ ಮೇರಿ 2 ನೋಡಿ. ಇಂಗ್ಲೆಂಡಿನ ಸೌತಾಂಪ್ಟನ್‌ನಿಂದ ನ್ಯೂಯಾರ್ಕ್‌ಗೆ ಅಟ್ಲಾಂಟಿಕ್ ದಾಟುತ್ತದೆ. ಸಾಮಾನ್ಯವಾಗಿ ಏಳು ರಾತ್ರಿ, ಮಧ್ಯ ಒಂದು ಬಂದರೂ ಇಲ್ಲ. ಇಳಿ, ಹತ್ತು, ಬಸ್ ಹಿಡಿ ಅನ್ನುವ ರಗಳೆಯೇ ಇಲ್ಲ. ದೊಡ್ಡ ಗ್ರಂಥಾಲಯ, ಉಪನ್ಯಾಸ, ನಕ್ಷತ್ರ ತೋರಿಸುವ ತಾರಾಲಯ ಇವೆ. 2016ರಲ್ಲಿ ರಿಪೇರಿ ಮಾಡಿದಾಗ ಒಬ್ಬರೇ ಇರುವ 15 ಕೋಣೆ ಮಾಡಿದರು. ಹದಿನೈದೇ, ಬೇಗ ಖಾಲಿಯಾಗುತ್ತವೆ. ಬ್ರಿಟನ್, ಅಮೆರಿಕ ಎರಡೂ ವೀಸಾ ಬೇಕು. ಕೆಲವು ಸಂಜೆ ಅಲ್ಲಿ ಚೆನ್ನಾಗಿ ಉಡುಪು ಹಾಕಿಕೊಂಡೇ ಊಟಕ್ಕೆ ಬರಬೇಕು. ಗಂಡಸರು ಟೈ ಕಟ್ಟಿಕೊಂಡು ಒದ್ದಾಡುತ್ತಾರೆ. ನೀವು ಒಂದು ಮೈಸೂರು ರೇಷ್ಮೆ ಸೀರೆ ಉಟ್ಟು ಹೋಗಿ, ಯಾರು ನೋಡುತ್ತಾರೆ ಅಂತ ಆಮೇಲೆ ನನಗೆ ಬರೆಯಿರಿ.

ಪ್ರಶ್ನೆ: ಪಕ್ಷಿಗಳ ಫೋಟೊ ತೆಗೆಯುವುದು ನನ್ನ ಹವ್ಯಾಸ. ಅಂಟಾರ್ಕ್ಟಿಕಾಕ್ಕೆ ಹೋಗಿ ಪೆಂಗ್ವಿನ್ ಪಕ್ಕ ನಿಲ್ಲಬೇಕು. ದೊಡ್ಡ ಹಡಗಿನಲ್ಲಿ ರೇಟು ಅರ್ಧ ಇದೆ, ತಗೊಳ್ಳಲೇ?
– ಸಕಲೇಶಪುರ

ಉತ್ತರ: ನಮ್ಮೂರ ಹುಡುಗ, ಅದಕ್ಕೇ ನೇರವಾಗಿ ಹೇಳುತ್ತೇನೆ. ತಗೊಳ್ಳಬೇಡ. 500ಕ್ಕಿಂತ ಜಾಸ್ತಿ ಪ್ರಯಾಣಿಕರಿರುವ ಹಡಗಿನವರನ್ನು ಅಲ್ಲಿ ನೆಲಕ್ಕೆ ಇಳಿಸುವಂತಿಲ್ಲ. ಡೆಕ್ಕಿನ ಮೇಲೆ ನಿಂತು ದೂರದಿಂದ ನೋಡಿಕೊಂಡು ಬರಬೇಕು. ಸಣ್ಣ ಹಡಗಿನಲ್ಲೂ ಒಂದು ಜಾಗದಲ್ಲಿ ಒಂದು ಸಲಕ್ಕೆ 100 ಜನ ಮಾತ್ರ ಇಳಿಯಬಹುದು. ಇನ್ನೂರು ಜನರ ಹಡಗಾದರೆ ಅರ್ಧ ಹೊತ್ತು ಕಾಯುವುದೇ ಆಗುತ್ತದೆ. ನೂರರ ಆಸುಪಾಸಿನದು ಹುಡುಕು. ಅರ್ಜೆಂಟೀನಾದ ಉಶುವಾಯಾದಿಂದ ಹೊರಟರೆ ಡ್ರೇಕ್ ಜಲಸಂಧಿ ದಾಟಲು ಹೋಗುವಾಗ ಎರಡು ದಿನ, ಬರುವಾಗ ಎರಡು ದಿನ. ಅಲ್ಲಿ ಅಲೆ ಜೋರಿರಬಹುದು, ಮೇಲಿನ ಚಿಕ್ಕಮಗಳೂರಿನ ತಂಗಿಗೆ ಹೇಳಿದ್ದನ್ನು ನೀನೂ ಓದಿಕೊ.

ಪ್ರಶ್ನೆ: ರೈಸ್ ಕುಕ್ಕರ್ ಒಯ್ಯಬಹುದೇ? – ಅರಸೀಕೆರೆ

ಉತ್ತರ: ಇಲ್ಲ. ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕೆಟಲ್ಲೂ ಇಲ್ಲ. ಹಡಗಿನಲ್ಲಿ ಬೆಂಕಿಯ ಭಯ ಜಾಸ್ತಿ. ಹತ್ತುವಾಗಲೇ ಎತ್ತಿಟ್ಟುಕೊಂಡು ಕೊನೆಯ ದಿನ ವಾಪಸ್ ಕೊಡುತ್ತಾರೆ.

ಪ್ರಶ್ನೆ: ತಡವಾಗಿ ಬಂದರೆ ಹಡಗು ನಿಜವಾಗಿಯೂ ಬಿಟ್ಟುಹೋಗುತ್ತದೆಯೇ?
– ಆಲೂರು

ಉತ್ತರ: ಹೋಗುತ್ತದೆ. ಹಡಗಿನವರೇ ಕರೆದುಕೊಂಡು ಹೋದ ಬಸ್ಸು ತಡವಾದರೆ ಸಾಮಾನ್ಯವಾಗಿ ಕಾಯುತ್ತಾರೆ. ನೀವೇ ಟ್ಯಾಕ್ಸಿ ಹಿಡಿದು ಹೋಗಿದ್ದರೆ ಕಾಯುವುದಿಲ್ಲ.

ಮೆಕ್ಸಿಕೋದ ಕೊಝುಮೆಲ್ ಬಂದರು, ಬೇಸಿಗೆ. ಹಡಗಿನ ಗಡಿಯಾರ ಅಮೆರಿಕದ ಮಯಾಮಿಯ ಸಮಯ ಹೇಳುತ್ತಿತ್ತು, ಊರಿನ ಸಮಯ ಒಂದು ಗಂಟೆ ಹಿಂದೆ. ಕೆಳಗೆ ಇಳಿದ ತಕ್ಷಣ ಮೊಬೈಲ್ ತಾನಾಗಿ ಊರಿನ ಸಮಯಕ್ಕೆ ತಿರುಗಿಕೊಳ್ಳುತ್ತದೆ. ನನ್ನ ಕಾರಿಡಾರಿನ ವಯಸ್ಸಾದ ದಂಪತಿ ಅದನ್ನು ನಂಬಿಕೊಂಡು ಆರಾಮಾಗಿ ಅಂಗಡಿ ಸುತ್ತುತ್ತಿದ್ದರು. ಸಂಜೆ ಭದ್ರತೆಯವರು ಬಂದು ಅವರ ಕೋಣೆ ತೆಗೆಯಲು ಹೇಳಿದರು. ತಿಜೋರಿ ತೆರೆದು ಪಾಸ್‌ಪೋರ್ಟ್ ತೆಗೆದುಕೊಂಡರು, ಬಂದರಿನ ಏಜೆಂಟನಿಗೆ ಕೊಟ್ಟು ಹೋಗಲು. ಮಂಚದ ಪಕ್ಕ ಬಿಪಿ ಮಾತ್ರೆಯ ಪಟ್ಟಿ ಇತ್ತು. ಅದನ್ನೂ ಹಾಕಿ ಅಂದೆ, ಹಾಕಿಕೊಂಡರು. ಹಗ್ಗ ಬಿಚ್ಚಿದ ಮೇಲೆ ಕಿಟಕಿಯಿಂದ ನೋಡಿದೆ. ಇಬ್ಬರೂ ಕೈಚೀಲ ಹಿಡಿದುಕೊಂಡು ಕಟ್ಟೆಯ ತುದಿಯವರೆಗೂ ಓಡಿ ಬಂದಿದ್ದರು. ಅವರ ಹಾಸಿಗೆ ಮೇಲೆ ಆಗಲೇ ಆನೆ ಮಾಡಿ ಇಟ್ಟಾಗಿತ್ತು. ಅದನ್ನು ಬಿಚ್ಚಿ, ಮಡಿಸಿ ಇಟ್ಟೆ.